ಸ್ಕೂಟರ್ ಕೊಟ್ಟಿರಿ, ಅದರ ತನಕ ಕರೆದೊಯ್ಯುವವರು ಯಾರು?

ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಮುಖ್ಯ ಆಯುಕ್ತರಿಗೂ ಐದು ನಗರ ಪಾಲಿಕೆಗಳ ಆಯುಕ್ತರಿಗೂ ಒಂದು ಬಹಿರಂಗ ಪತ್ರ

ಮಾನ್ಯರೇ,

ಬಿಬಿಎಂಪಿ ಹೋಗಿ ಐದು ಪಾಲಿಕೆಗಳು ಬಂದದ್ದು 2025ರ ಸೆಪ್ಟೆಂಬರ್‌ನಲ್ಲಿ. ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಎಂದು ಬೋರ್ಡುಗಳು ಬದಲಾದವು, ಸೀಲುಗಳು ಬದಲಾದವು. ಯಾವ ರಸ್ತೆ ಯಾರ ಪಾಲಿಗೆ ಎಂಬ ಚರ್ಚೆ ಟೀ ಅಂಗಡಿಗಳಲ್ಲಿ ಕೆಲವು ದಿನ ನಡೆದು ತಣ್ಣಗಾಯಿತು. ಬೋರ್ಡಿನ ಜೊತೆ ಬದಲಾಗದೆ ಉಳಿದಿರುವ ಒಂದು ಲೆಕ್ಕದ ಬಾಬ್ತಿನ ಬಗ್ಗೆ ಈ ಪತ್ರ. ಕರ್ನಾಟಕದ ನಗರ ಸ್ಥಳೀಯ ಸಂಸ್ಥೆಗಳು ತಮ್ಮ ಹಣದಲ್ಲಿ ಶೇ 24.10 ಪರಿಶಿಷ್ಟ ಜಾತಿ, ಪಂಗಡದವರಿಗೆ, ಶೇ 7.25 ಇತರ ಬಡವರಿಗೆ, ಶೇ 5 ಅಂಗವಿಕಲರಿಗೆ ಎಂದು ತೆಗೆದಿಡಬೇಕು. ಆ ಮೂರನೆಯ ಬಾಬ್ತು ನಮ್ಮದು.

ಲೆಕ್ಕ ನೋಡುವುದು ನನ್ನ ಕಸುಬು. ಸಣ್ಣ ಅಂಗಡಿಗಳ, ಹೋಟೆಲುಗಳ ಜಿಎಸ್‌ಟಿ ರಿಟರ್ನ್ ತುಂಬಿಕೊಡುತ್ತೇನೆ. ತಿಂಗಳ 11ನೇ ತಾರೀಕು, 20ನೇ ತಾರೀಕು ಬಂತೆಂದರೆ ಫೋನ್ ಬಿಡುವುದಿಲ್ಲ. ರಸ್ತೆ ಅಪಘಾತದಲ್ಲಿ ಕುತ್ತಿಗೆಯ ಬಳಿ ಬೆನ್ನುಹುರಿಗೆ ಪೆಟ್ಟಾಗಿ ಕಾಲುಗಳು ಸಂಪೂರ್ಣವಾಗಿ, ಕೈಬೆರಳುಗಳು ಬಹುಪಾಲು ಸ್ವಾಧೀನ ತಪ್ಪಿವೆ. ಬೆರಳಿಗೆ ಕಟ್ಟಿಕೊಂಡ ಕಡ್ಡಿಯಿಂದ ಟೈಪ್ ಮಾಡುತ್ತೇನೆ. ಆದಾಯ ತೆರಿಗೆ ಕಟ್ಟುತ್ತೇನೆ, ಆಸ್ತಿ ತೆರಿಗೆಯನ್ನು ಏಪ್ರಿಲ್‌ನಲ್ಲೇ ಕಟ್ಟಿ ರಿಯಾಯಿತಿ ಗಿಟ್ಟಿಸಿಕೊಳ್ಳುತ್ತೇನೆ. ನಿಮ್ಮನ್ನು ದಾನ ಕೇಳಲು ಬಂದವಳಲ್ಲ ಎಂಬುದು ಇಷ್ಟರಿಂದ ತಿಳಿದರೆ ಸಾಕು, ನನ್ನ ಕಥೆ ಇದಕ್ಕಿಂತ ಹೆಚ್ಚು ಬೇಡ.

ಆ ಶೇ 5ರಲ್ಲಿ ಏನು ಬರುತ್ತದೆ ಎಂದು ಯಾವ ಅಂಗವಿಕಲರನ್ನು ಕೇಳಿದರೂ ಒಂದೇ ಉತ್ತರ. ತ್ರಿಚಕ್ರ ವಾಹನ, ಹೊಲಿಗೆ ಯಂತ್ರ, ಶ್ರವಣ ಸಾಧನ, ಕೃತಕ ಕಾಲು. ಶಾಮಿಯಾನ ಹಾಕಿ, ಫ್ಲೆಕ್ಸ್ ಕಟ್ಟಿ, ಸಾಲಾಗಿ ನಿಲ್ಲಿಸಿದ ವಾಹನಗಳ ಹ್ಯಾಂಡಲಿಗೆ ಹೂವಿನ ಹಾರ ಹಾಕಿ, ಕೀಲಿ ಕೈಗಿಡುವ ಫೋಟೊ. ಇದನ್ನು ಗೇಲಿ ಮಾಡುವ ಇರಾದೆ ನನಗಿಲ್ಲ. ಹಿಂದೆ ಎರಡು ಹೆಚ್ಚುವರಿ ಚಕ್ರ ಜೋಡಿಸಿದ ಸ್ಕೂಟರ್ ಬಂದ ಮೇಲೆ ಕೆಲಸ ಹಿಡಿದವರು, ಮದುವೆಯಾದವರು, ಮಗಳನ್ನು ಶಾಲೆಗೆ ಬಿಟ್ಟು ಬರುವವರು ನನ್ನ ಪರಿಚಯದಲ್ಲೇ ಇದ್ದಾರೆ. ಅವರ ಮಟ್ಟಿಗೆ ಅದು ವಾಹನವಲ್ಲ, ಬದುಕು.

ಆದರೆ ಆ ಸ್ಕೂಟರ್ ಯಾರಿಗಾಗಿ ರೂಪಿಸಿದ್ದು ನೋಡಿ. ಪೋಲಿಯೊದಿಂದ ಕಾಲು ಸೋತು, ಕೈಯಲ್ಲಿ ಬಲವಿರುವವರಿಗೆ. ನಮ್ಮ ಅಂಗವಿಕಲರ ಯೋಜನೆಗಳೆಲ್ಲ ಹುಟ್ಟಿದ್ದೇ ಆ ತಲೆಮಾರನ್ನು ಕಣ್ಣ ಮುಂದಿಟ್ಟುಕೊಂಡು. ದೇಶದ ಕಡೆಯ ಪೋಲಿಯೊ ಪ್ರಕರಣ 2011ರ ಜನವರಿಯದು, 2014ರ ಮಾರ್ಚ್‌ನಲ್ಲಿ ಪೋಲಿಯೊಮುಕ್ತ ಎಂಬ ಪ್ರಮಾಣಪತ್ರವೂ ಬಂತು. ಆ ತಲೆಮಾರಿಗೆ ಈಗ ವಯಸ್ಸಾಗುತ್ತಿದೆ, ಅವರ ಭುಜಗಳೂ ಸವೆದಿವೆ. ಹೊಸದಾಗಿ ನಮ್ಮ ಸಾಲಿಗೆ ಬಂದು ಸೇರುತ್ತಿರುವವರು ಬೇರೆ ಬಗೆಯವರು. ಹೊರವರ್ತುಲ ರಸ್ತೆಯಲ್ಲಿ ಬೈಕಿನಿಂದ ಬಿದ್ದು ಬೆನ್ನುಹುರಿ ಮುರಿದುಕೊಂಡ ಇಪ್ಪತ್ತೆರಡರ ಹುಡುಗ. ಐವತ್ತಕ್ಕೇ ಪಾರ್ಶ್ವವಾಯು ಹೊಡೆದ ಆಟೊ ಚಾಲಕ. ಅವಧಿಗೆ ಮುಂಚೆ ಹುಟ್ಟಿ, ವೈದ್ಯರ ದಯೆಯಿಂದ ಉಳಿದು, ಮಿದುಳಿನ ಹಾನಿಯಿಂದ ಕೈಕಾಲಿನ ಹಿಡಿತ ತಪ್ಪುವ ಸೆರೆಬ್ರಲ್ ಪಾಲ್ಸಿಯೊಂದಿಗೆ ಬೆಳೆದ ಮಗು. ಇವರಿಗೆ ಸ್ಕೂಟರಿನ ಕೀಲಿ ಕೊಟ್ಟರೆ ಊಟಕ್ಕಿಲ್ಲದ ಉಪ್ಪಿನಕಾಯಿ ಬಡಿಸಿದಂತೆ. ಇವರಿಗೆ ಬೇಕಿರುವುದು ಹಾಸಿಗೆಯಿಂದ ಗಾಲಿಕುರ್ಚಿಗೆ ಎತ್ತಿ ಕೂರಿಸುವ ಎರಡು ಕೈ.

ಸಂಕೋಚ ಬಿಟ್ಟು ಬರೆಯುತ್ತೇನೆ, ಏಕೆಂದರೆ ಇದನ್ನು ಯಾರೂ ನಿಮ್ಮ ಸಭೆಗಳಲ್ಲಿ ಹೇಳುವುದಿಲ್ಲ. ನನ್ನಂಥವರ ಬೆಳಗ್ಗೆ ಎಂದರೆ ಇದು: ಮಗ್ಗುಲು ಹೊರಳಿಸಬೇಕು, ಮೂತ್ರದ ಕೊಳವೆ ನೋಡಬೇಕು, ಮಲವಿಸರ್ಜನೆ ಮಾಡಿಸಬೇಕು, ಅದೊಂದಕ್ಕೇ ಮುಕ್ಕಾಲು ಗಂಟೆ ಹಿಡಿಯುತ್ತದೆ. ಸ್ನಾನ, ಬಟ್ಟೆ, ಕುರ್ಚಿ. ರಾತ್ರಿ ಎರಡು ಗಂಟೆಗೊಮ್ಮೆ ಯಾರಾದರೂ ಎದ್ದು ಮಗ್ಗುಲು ಬದಲಿಸದಿದ್ದರೆ ಚರ್ಮ ಒಡೆದು ಹುಣ್ಣಾಗುತ್ತದೆ. ಆ ಹುಣ್ಣು ಮೂಳೆಯ ತನಕ ಇಳಿದು ಜೀವ ತೆಗೆದ ಉದಾಹರಣೆಗಳು ನಮ್ಮ ವಲಯದಲ್ಲಿ ಎಲ್ಲರಿಗೂ ಗೊತ್ತು. ಇಷ್ಟೆಲ್ಲ ಮುಗಿಸಿ ಲ್ಯಾಪ್‌ಟಾಪ್ ಮುಂದೆ ಕೂತ ಮೇಲೆ ನಾನು ಯಾರಿಗೂ ಕಡಿಮೆಯಲ್ಲ. ಆದರೆ ಅಲ್ಲಿಯ ತನಕ ತಲುಪಿಸುವ ಕೆಲಸ ಈ ನಗರದಲ್ಲಿ ಯಾವ ಇಲಾಖೆಯ ಹೊಣೆ?

ಅಮ್ಮನ ಹೊಣೆ. ಬೆಂಗಳೂರಿನ ಅಂಗವಿಕಲರ ಸೇವಾ ಇಲಾಖೆಯ ಹೆಸರು ಅಮ್ಮ. ಕೆಲವು ಮನೆಗಳಲ್ಲಿ ಹೆಂಡತಿ, ಕೆಲವು ಮನೆಗಳಲ್ಲಿ ಓದು ಬಿಟ್ಟ ತಂಗಿ. ಈ ಇಲಾಖೆಗೆ ರಜೆಯಿಲ್ಲ, ಸಂಬಳವಿಲ್ಲ, ನಿವೃತ್ತಿಯಿಲ್ಲ, ಲೆಕ್ಕ ಪರಿಶೋಧನೆಯಂತೂ ಇಲ್ಲವೇ ಇಲ್ಲ. ನಮ್ಮಮ್ಮನಿಗೆ ಎಪ್ಪತ್ತು ದಾಟಿದೆ, ಮಂಡಿ ಎರಡೂ ಹೋಗಿವೆ. ಬೆಳಿಗ್ಗೆ ಬಂದು ಎತ್ತಿ ಕೂರಿಸಲು ಒಬ್ಬ ಅಕ್ಕ ಇದ್ದಾರೆ, ನಾನು ದುಡಿದ ದುಡ್ಡಿನಲ್ಲಿ ಸಂಬಳ ಕೊಡುತ್ತೇನೆ. ಅವರು ಊರ ಹಬ್ಬಕ್ಕೆಂದು ಹೋದರೆ ನಾನು ಹಾಸಿಗೆಯಲ್ಲೇ. ಇದು ನನ್ನ ಅದೃಷ್ಟದ ಕಥೆ ಎಂಬುದನ್ನು ಮರೆಯಬೇಡಿ. ಏಜೆನ್ಸಿಯ ಮೂಲಕ ದಿನವಿಡೀ ಇರುವ ಹೋಮ್ ನರ್ಸ್ ಇಟ್ಟುಕೊಂಡರೆ ತಿಂಗಳಿಗೆ ಕೊಡಬೇಕಾದ ಹಣ ಈ ನಗರದ ಬಹಳಷ್ಟು ಮನೆಗಳ ಇಡೀ ಆದಾಯಕ್ಕಿಂತ ಹೆಚ್ಚು. ಎದುರಿಗೆ, ಶೇ 75ಕ್ಕಿಂತ ಹೆಚ್ಚಿನ ಅಂಗವೈಕಲ್ಯಕ್ಕೆ ರಾಜ್ಯ ಸರ್ಕಾರ ಕೊಡುವ ಮಾಸಾಶನ 1,400 ರೂಪಾಯಿ. ಸೆರೆಬ್ರಲ್ ಪಾಲ್ಸಿ, ಸ್ನಾಯುಗಳು ಕ್ಷೀಣಿಸುವ ಮಸ್ಕ್ಯುಲರ್ ಡಿಸ್ಟ್ರೋಫಿಯಂಥ ಕೆಲವು ಸ್ಥಿತಿಗಳಲ್ಲಿ ಆರೈಕೆ ಮಾಡುವವರಿಗೆ ತಿಂಗಳಿಗೆ 1,000 ರೂಪಾಯಿ ಎಂದು 2024-25ರ ಬಜೆಟ್‌ನಲ್ಲಿ ಘೋಷಣೆಯಾಯಿತು. ಒಳ್ಳೆಯ ಹೆಜ್ಜೆ, ಆದರೆ ಪಟ್ಟಿ ಚಿಕ್ಕದು, ಮೊತ್ತ ಅದಕ್ಕಿಂತ ಚಿಕ್ಕದು.

"ಅಮ್ಮ ಇರೋ ತನಕ ಸರಿ, ಆಮೇಲೆ? ಯಾವುದಾದ್ರೂ ಒಳ್ಳೆ ಆಶ್ರಮ ನೋಡಿಡಬಾರದಾ ಪುಟ್ಟಿ?" ಎಂದು ನೆಂಟರು ಕೇಳುತ್ತಾರೆ. ಪ್ರೀತಿಯಿಂದಲೇ ಕೇಳುತ್ತಾರೆ, ತಪ್ಪಿಲ್ಲ. ಆದರೆ ನನ್ನ ಮನೆಯಿದೆ, ನನ್ನ ಬೀದಿಯಿದೆ, ನನ್ನ ಗಿರಾಕಿಗಳಿದ್ದಾರೆ. ಎಷ್ಟು ಹೊತ್ತಿಗೆ ಏಳಬೇಕು, ಏನು ತಿನ್ನಬೇಕು, ಯಾರ ಮನೆಗೆ ಹೋಗಬೇಕು ಎಂಬುದನ್ನು ಬೇರೊಬ್ಬರ ವೇಳಾಪಟ್ಟಿಗೆ ಒಪ್ಪಿಸಿ ಕೂರಲು ನಾನು ಮಾಡಿದ ಅಪರಾಧವೇನು?

ಕಾನೂನು ಇಲ್ಲಿ ನನ್ನ ಪರವಾಗಿದೆ. ಅಂಗವಿಕಲರ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆಗೆ ಭಾರತ 2007ರ ಅಕ್ಟೋಬರ್ 1ರಂದು ಅನುಮೋದನೆ ಕೊಟ್ಟಿತು. ಅದರ 19ನೇ ವಿಧಿ ಸ್ವತಂತ್ರವಾಗಿ, ಸಮುದಾಯದ ನಡುವೆ ಬಾಳುವ ಹಕ್ಕಿನದು. ಅದನ್ನೇ ನಮ್ಮ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 5ನೇ ಸೆಕ್ಷನ್ ಹೇಳುತ್ತದೆ: ಅಂಗವಿಕಲರಿಗೆ ಸಮುದಾಯದಲ್ಲಿ ಬಾಳುವ ಹಕ್ಕಿದೆ, ಇಂಥ ವ್ಯವಸ್ಥೆಯಲ್ಲೇ ಇರಬೇಕು ಎಂಬ ಒತ್ತಾಯ ಅವರ ಮೇಲಿರದಂತೆ ಸರ್ಕಾರ ನೋಡಿಕೊಳ್ಳಬೇಕು, ಮನೆಯಲ್ಲೇ ಸಿಗುವ ನೆರವು, ವೈಯಕ್ತಿಕ ಸಹಾಯಕರ ನೆರವು ಅವರಿಗೆ ಎಟುಕುವಂತಿರಬೇಕು. ಹೆಚ್ಚಿನ ಬೆಂಬಲ ಬೇಕಾದವರು ಅದಕ್ಕಾಗಿ ಅರ್ಜಿ ಹಾಕಿಕೊಳ್ಳಬಹುದು ಎಂದು 38ನೇ ಸೆಕ್ಷನ್ ಪ್ರತ್ಯೇಕವಾಗಿಯೇ ಹೇಳಿದೆ. ಕಾಯ್ದೆ ಜಾರಿಗೆ ಬಂದದ್ದು 2017ರ ಏಪ್ರಿಲ್‌ನಲ್ಲಿ. ಅಂದಿನಿಂದ ಇಂದಿನ ತನಕ ನಮ್ಮ ಮನೆಯ ಬಾಗಿಲು ತಟ್ಟಿ, "ನಿಮಗೆ ದಿನಕ್ಕೆ ಎಷ್ಟು ಗಂಟೆಯ ನೆರವು ಬೇಕು?" ಎಂದು ಕೇಳಿದ ಸರ್ಕಾರಿ ನೌಕರರು ಯಾರೂ ಇಲ್ಲ. ಅಂಗವೈಕಲ್ಯ ಶೇಕಡಾ ಎಷ್ಟು ಎಂದು ಕೇಳಿದವರು ಬೇಕಾದಷ್ಟು.

ಗಂಟೆಯ ಲೆಕ್ಕದಲ್ಲಿ ನೆರವು ಕೊಡುವುದು ಆಗದ ಹೋಗದ ಮಾತೇನಲ್ಲ. ಇಂಗ್ಲೆಂಡಿನ ಹ್ಯಾಂಪ್‌ಶೈರ್ ಎಂಬ ಕೌಂಟಿಯಲ್ಲಿ ಲೆ ಕೋರ್ಟ್ ಎಂಬ ನಿವಾಸವಿತ್ತು. ಲೆನಾರ್ಡ್ ಚೆಷೈರ್ ಎಂಬವರು ಅಂಗವಿಕಲರಿಗಾಗಿ ಕಟ್ಟಿದ ಮೊಟ್ಟಮೊದಲ ಮನೆ ಅದು. ಅವರ ಹೆಸರಿನದೇ ಒಂದು ಮನೆ ನಮ್ಮ ಹಳೆಯ ವಿಮಾನ ನಿಲ್ದಾಣ ರಸ್ತೆಯಲ್ಲೂ ಇದೆ, ನೀವು ನೋಡಿರುತ್ತೀರಿ. 1979ರ ಸುಮಾರಿಗೆ ಲೆ ಕೋರ್ಟಿನ ಕೆಲವು ನಿವಾಸಿಗಳು ಸ್ಥಳೀಯ ಆಡಳಿತದ ಮುಂದೆ ಒಂದು ಸರಳ ಲೆಕ್ಕ ಇಟ್ಟರು. ನಮ್ಮನ್ನು ಇಲ್ಲಿ ಇರಿಸಿಕೊಳ್ಳಲು ಈ ಸಂಸ್ಥೆಗೆ ನೀವು ತಲೆಗಿಷ್ಟು ಎಂದು ಕೊಡುತ್ತಿದ್ದೀರಲ್ಲ, ಅದೇ ಹಣವನ್ನು ನಮ್ಮ ಕಡೆ ತಿರುಗಿಸಿ. ನಾವೇ ಊರಿನಲ್ಲಿ ಮನೆ ಮಾಡಿಕೊಂಡು ನಮಗೆ ಬೇಕಾದ ಸಹಾಯಕರನ್ನು ನಾವೇ ಇಟ್ಟುಕೊಳ್ಳುತ್ತೇವೆ. ಅಂದಿನ ಕಾನೂನಿನಲ್ಲಿ ಅಂಗವಿಕಲರ ಕೈಗೆ ನೇರವಾಗಿ ನಗದು ಕೊಡಲು ಅವಕಾಶವಿರಲಿಲ್ಲ, ಮಧ್ಯೆ ಮೂರನೆಯವರನ್ನು ಇಟ್ಟು ದಾರಿ ಮಾಡಿಕೊಂಡರು. ಅವರು ಒಬ್ಬೊಬ್ಬರಾಗಿ ಹೊರಬಂದು ಬದುಕಿ ತೋರಿಸಿದ ಮೇಲೆ, ಇತರರೂ ದನಿಗೂಡಿಸಿದ ಮೇಲೆ, 1996ರಲ್ಲಿ ನೇರ ಪಾವತಿಗೆಂದೇ ಬ್ರಿಟನ್ ಕಾಯ್ದೆ ಮಾಡಿತು. ಅಲ್ಲಿ ಈಗ ಎಲ್ಲ ಚೆನ್ನಾಗಿದೆ ಎಂದಲ್ಲ. ಹೆಚ್ಚಿನ ನೆರವು ಬೇಕಾದವರಿಗೆಂದು ಇದ್ದ ಸ್ವತಂತ್ರ ಜೀವನ ನಿಧಿಯನ್ನು 2015ರ ಜೂನ್‌ನಲ್ಲಿ ಮುಚ್ಚಿಬಿಟ್ಟರು. ಮಾರ್ಗ ಇದೆ ಎಂದು ತೋರಿಸಲು ಇದನ್ನು ಹೇಳಿದೆ, ಲಂಡನ್ನಿಗೆ ಅಧ್ಯಯನ ಪ್ರವಾಸ ಹೊರಡಿ ಎಂದಲ್ಲ.

ನಮ್ಮಲ್ಲೇ ಮಾದರಿ ಇದೆ. ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇದ್ದಾರೆ, ತಾಲ್ಲೂಕಿಗೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು. ಬಹುಪಾಲು ಅವರೇ ಅಂಗವಿಕಲರು. ಕೊಡುವ ಗೌರವಧನ ಹೇಳಿಕೊಳ್ಳುವಂಥದ್ದಲ್ಲ, ಆದರೂ ಹಳ್ಳಿಯಲ್ಲಿ ಯಾರ ಮನೆಯಲ್ಲಿ ಯಾರಿದ್ದಾರೆ, ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಯಾರಿಗೆ ಬಂದಿಲ್ಲ, ಯಾರ ಮಾಸಾಶನ ನಿಂತಿದೆ ಎಂಬುದು ಅವರ ನಾಲಿಗೆಯ ತುದಿಯಲ್ಲಿರುತ್ತದೆ. ನಗರ ಸಂಸ್ಥೆಗಳಿಗೂ ನಗರ ಪುನರ್ವಸತಿ ಕಾರ್ಯಕರ್ತರು ಎಂಬ ಹುದ್ದೆ ಇದೆ. ಬೆಂಗಳೂರಿನ ಒಂದು ವಾರ್ಡ್ ಎಂದರೆ ಒಂದು ಸಣ್ಣ ಪಟ್ಟಣ. ಅಲ್ಲಿ ಇಂಥ ಒಬ್ಬರ ಹೆಸರು, ಫೋನ್ ನಂಬರ್ ವಾರ್ಡ್ ಕಚೇರಿಯ ಗೋಡೆಯ ಮೇಲೆ ಬರೆದಿರಬೇಡವೇ? ಕಸದ ಗಾಡಿಯ ಮೇಲ್ವಿಚಾರಕರ ನಂಬರ್ ಬೀದಿಯ ಎಲ್ಲರ ಬಳಿ ಇದೆ, ನಮ್ಮ ಕಾರ್ಯಕರ್ತರ ನಂಬರ್ ಮಾತ್ರ ಗುಟ್ಟು.

ನಾನು ಕೇಳುತ್ತಿರುವುದು ಇಷ್ಟು. ಶೇ 5ರ ಬಾಬ್ತಿನಲ್ಲಿ ಒಂದು ಪಾಲನ್ನು ಸಹಾಯಕರ ಭತ್ಯೆ ಎಂದು ಬೇರೆ ಮಾಡಿ. ಪ್ರತಿ ಪಾಲಿಕೆಯಲ್ಲಿ ಒಂದೊಂದು ವಾರ್ಡ್ ಆರಿಸಿಕೊಳ್ಳಿ, ಐದೇ ವಾರ್ಡ್. ಅಲ್ಲಿ ಮನೆಮನೆಗೆ ಹೋಗಿ, ಯಾರಿಗೆ ದಿನಕ್ಕೆ ಎಷ್ಟು ಗಂಟೆ ನೆರವು ಬೇಕು ಎಂದು ಬರೆದುಕೊಳ್ಳಿ. ಆ ಗಂಟೆಗಳಿಗೆ ಕನಿಷ್ಠ ವೇತನದ ದರದಲ್ಲಾದರೂ ಲೆಕ್ಕ ಹಾಕಿ ಹಣವನ್ನು ಅಂಗವಿಕಲರ ಬ್ಯಾಂಕ್ ಖಾತೆಗೆ ಹಾಕಿ. ಸಹಾಯಕರನ್ನು ಅವರೇ ಹುಡುಕಿಕೊಳ್ಳಲಿ, ಪಕ್ಕದ ಬೀದಿಯ ಹೆಂಗಸಾಗಬಹುದು, ಸೋದರತ್ತೆಯಾಗಬಹುದು. ಹುಡುಕಿಕೊಳ್ಳಲಾಗದವರಿಗೆ ವಾರ್ಡಿನಲ್ಲಿ ತರಬೇತಿ ಪಡೆದ ಕೆಲವರ ಪಟ್ಟಿ ಇರಲಿ. ಎತ್ತುವುದು ಹೇಗೆ, ಹೊರಳಿಸುವುದು ಹೇಗೆ, ಹುಣ್ಣು ಬರದಂತೆ ನೋಡಿಕೊಳ್ಳುವುದು ಹೇಗೆ ಎಂದು ಕಲಿಸಬಲ್ಲ ಸಂಸ್ಥೆಗಳು ಈ ಊರಿಗೆ ಹೊಸತಲ್ಲ. ಲಿಂಗರಾಜಪುರದ ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ 1959ರಿಂದ ಇದೆ. ನಿಮ್ಹಾನ್ಸ್ ಇದೆ. ಕಲಿಸುವವರಿಗೆ ಕೊರತೆಯಿಲ್ಲ, ಕಲಿತವರಿಗೆ ಸಂಬಳ ಕೊಡುವ ಬಾಬ್ತು ಇಲ್ಲ.

ಒಂದು ಎಚ್ಚರಿಕೆ. ದಯವಿಟ್ಟು ಇದನ್ನು ಟೆಂಡರ್ ಕರೆದು ಗುತ್ತಿಗೆದಾರರಿಗೆ ವಹಿಸಬೇಡಿ. ಗುತ್ತಿಗೆಯಲ್ಲಿ ಪೌರಕಾರ್ಮಿಕರು ಪಟ್ಟ ಪಾಡನ್ನು ಈ ನಗರ ವರ್ಷಗಟ್ಟಲೆ ನೋಡಿದೆ, ಅವರನ್ನು ಕಾಯಂ ಮಾಡಿಸಿಕೊಳ್ಳಲು ಎಷ್ಟು ಹೋರಾಡಬೇಕಾಯಿತು ಎಂಬುದನ್ನೂ ನೋಡಿದೆ. ನಮ್ಮ ಮನೆಗಳಿಗೆ ಬಂದು ದುಡಿಯುವವರೂ ಅದೇ ಬಡ ಮನೆಗಳ ಹೆಂಗಸರು. ಅವರ ಸಂಬಳದಲ್ಲಿ ಮಧ್ಯವರ್ತಿ ಒಂದು ಪಾಲು ನುಂಗಿದರೆ ಅವರು ಬಿಟ್ಟು ಹೋಗುತ್ತಾರೆ, ಹಾಸಿಗೆಯಲ್ಲಿ ಉಳಿಯುವವರು ನಾವು. ಅಂಗವಿಕಲರು ಹಣ ದುರುಪಯೋಗ ಮಾಡಿಕೊಂಡರೆ ಎಂದು ನಿಮ್ಮ ಲೆಕ್ಕಾಧಿಕಾರಿಗಳು ಕೇಳಬಹುದು. ಅವರಿಗೆ ಹೇಳಿ, ತನ್ನನ್ನು ಬೆಳಿಗ್ಗೆ ಎಬ್ಬಿಸಲು ಕೊಟ್ಟ ಹಣವನ್ನು ಬೇರೆಲ್ಲೋ ಖರ್ಚು ಮಾಡಿದವಳು ಎದ್ದು ಬಂದು ಖರ್ಚು ಮಾಡುವುದಾದರೂ ಹೇಗೆ?

ಆನೆ ಕೊಟ್ಟವರು ಅಂಕುಶವನ್ನೂ ಕೊಡಿ. ನೀವು ಕೊಟ್ಟ ಸ್ಕೂಟರು, ಗಾಲಿಕುರ್ಚಿಗಳು ಕೆಟ್ಟರೆ ರಿಪೇರಿಗೆ ಎಲ್ಲಿಗೆ ಹೋಗಬೇಕು ಎಂದು ಯಾರಿಗೂ ಗೊತ್ತಿಲ್ಲ. ಗಾಲಿಕುರ್ಚಿಯ ಟ್ಯೂಬಿಗೆ ಸೈಕಲ್ ಅಂಗಡಿಯವರು ಹೇಗೋ ತೇಪೆ ಹಾಕಿಕೊಡುತ್ತಾರೆ, ಮುಂದಿನ ಸಣ್ಣ ಚಕ್ರದ ಬೇರಿಂಗ್ ಹೋದರೆ ಕೈ ಎತ್ತುತ್ತಾರೆ. ಬ್ಯಾಟರಿ ಸತ್ತ ಗಾಲಿಕುರ್ಚಿಗಳು ಎಷ್ಟೋ ಮನೆಗಳಲ್ಲಿ ಬಟ್ಟೆ ಒಣಗಿಸುವ ಸ್ಟ್ಯಾಂಡುಗಳಾಗಿವೆ. ಪಾಲಿಕೆಗೊಂದು ರಿಪೇರಿ ಅಂಗಡಿ, ಒಬ್ಬ ಮೆಕ್ಯಾನಿಕ್, ಮನೆಗೇ ಬರುವ ಒಂದು ಗಾಡಿ. ಹೊಸದು ಕೊಳ್ಳುವ ಹಣದಲ್ಲಿ ಎಷ್ಟೋ ಹಳೆಯವು ಮತ್ತೆ ಓಡುತ್ತವೆ. ಫೋಟೊ ಮಾತ್ರ ಬರುವುದಿಲ್ಲ.

ಇನ್ನು ಬಾಗಿಲು ದಾಟಿದ ಮೇಲಿನ ಮಾತು. ಫುಟ್‌ಪಾತ್ ಬಗ್ಗೆ ಬರೆಯದ ಬೆಂಗಳೂರಿನವರಿಲ್ಲ, ಆದ್ದರಿಂದ ಹೊಸತೇನೂ ಹೇಳುವುದಿಲ್ಲ, ಅಳತೆ ಮಾತ್ರ ನೆನಪಿಸುತ್ತೇನೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಪಾದಚಾರಿ ಮಾರ್ಗಸೂಚಿಯ ಪ್ರಕಾರ ಅಡ್ಡಿಯಿಲ್ಲದ ಅಗಲ ಕನಿಷ್ಠ 1.8 ಮೀಟರ್, ರಸ್ತೆಯಿಂದ ಎತ್ತರ 150 ಮಿಲಿಮೀಟರಿಗೆ ಮೀರಬಾರದು, ಅಂದರೆ ಅರ್ಧ ಅಡಿ. ಇಳಿಜಾರು 12 ಅಡಿ ಉದ್ದಕ್ಕೆ 1 ಅಡಿ ಏರಿದರೆ ಗಾಲಿಕುರ್ಚಿ ಹತ್ತುತ್ತದೆ. ಹಳೆಯ ಬಡಾವಣೆಗಳಲ್ಲಿ ಮೊಣಕಾಲೆತ್ತರದ ಫುಟ್‌ಪಾತ್ ಇದೆ, ಪ್ರತಿ ಗೇಟಿನ ಮುಂದೆ ಕಾರು ಇಳಿಯಲು ಕೊಚ್ಚಿ ಹಾಕಿದ್ದಾರೆ, ನಡುವೆ ಟ್ರಾನ್ಸ್‌ಫಾರ್ಮರ್, ಸುರುಳಿ ಸುತ್ತಿಟ್ಟ ಕೇಬಲ್. ಇಷ್ಟು ದಾಟಿ ಬಂದರೆ ಬೈಕುಗಳು ಹತ್ತದಂತೆ ನೆಟ್ಟ ಕಂಬಗಳು. ಬೈಕು ಹೇಗೋ ನುಸುಳುತ್ತದೆ, ಗಾಲಿಕುರ್ಚಿ ನುಸುಳುವುದಿಲ್ಲ. ಹೂವು, ಸೊಪ್ಪು ಮಾರುವವರನ್ನು ನಮ್ಮ ಹೆಸರು ಹೇಳಿ ಎತ್ತಂಗಡಿ ಮಾಡಿಸಬೇಡಿ ಎಂಬ ಮಾತನ್ನೂ ಇಲ್ಲೇ ಸೇರಿಸುತ್ತೇನೆ. ಅವರು ನಮಗೆ ದಾರಿ ಬಿಡುತ್ತಾರೆ, ನಿಲ್ಲಿಸಿ ಹೋದ ಕಾರು ಬಿಡುವುದಿಲ್ಲ.

ಟೆಂಡರ್ ಶ್ಯೂರ್ ಯೋಜನೆಯಲ್ಲಿ ಸೇಂಟ್ ಮಾರ್ಕ್ಸ್ ರಸ್ತೆ, ವಿಠ್ಠಲ್ ಮಲ್ಯ ರಸ್ತೆಗಳನ್ನು ಎಷ್ಟು ಸೊಗಸಾಗಿ ಕಟ್ಟಿದರೆಂದರೆ ಅಲ್ಲಿ ಹೋದಾಗ ನನಗೆ ವಾಪಸ್ ಬರಲು ಮನಸ್ಸಾಗುವುದಿಲ್ಲ. ಅಂದರೆ ನಿಮ್ಮ ಎಂಜಿನಿಯರುಗಳಿಗೆ ಕೆಲಸ ಗೊತ್ತಿದೆ. ಆದರೆ ನನಗೆ ದಿನಾ ಬೇಕಾಗಿರುವುದು ಸೇಂಟ್ ಮಾರ್ಕ್ಸ್ ರಸ್ತೆಯಲ್ಲ. ಹಾಲಿನ ಬೂತ್, ಔಷಧಿ ಅಂಗಡಿ, ಬ್ಯಾಂಕ್, ಉದ್ಯಾನ, ದೇವಸ್ಥಾನ, ಬಸ್ ನಿಲ್ದಾಣ. ಮೆಟ್ರೊ 2011ರಲ್ಲಿ ಓಡಲು ಶುರುವಾದಾಗ ನಮ್ಮವರೆಲ್ಲ ಕುಣಿದಾಡಿದೆವು. ಲಿಫ್ಟ್ ಇದೆ, ಕುರುಡರಿಗೆ ಉಬ್ಬು ಹಾಸು ಇದೆ, ರೈಲು ಪ್ಲಾಟ್‌ಫಾರ್ಮಿಗೆ ಸಮನಾಗಿ ನಿಲ್ಲುತ್ತದೆ. ಆ ಲಿಫ್ಟಿನಿಂದ ಇಳಿದು ರಸ್ತೆಗೆ ಬಂದ ಮೇಲೆ ನಿಮ್ಮ ಗಡಿ ಶುರು. ಎಲ್ಲ ರಸ್ತೆ ಒಮ್ಮೆಲೇ ಬೇಡ. ಪ್ರತಿ ವಾರ್ಡಿನಲ್ಲಿ ಅಲ್ಲಿನ ಅಂಗವಿಕಲರನ್ನು ಕೂರಿಸಿಕೊಂಡು, ಅವರು ದಿನಾ ಹೋಗಬೇಕಾದ ಒಂದು ದಾರಿ ಗುರುತಿಸಿ ಅದನ್ನು ಮೊದಲು ಸರಿ ಮಾಡಿ.

ಕಟ್ಟಡಗಳ ಬಗ್ಗೆ ನಿಮಗಿರುವ ಅಧಿಕಾರ ಬೇರೆ ಯಾರಿಗೂ ಇಲ್ಲ. ಕಾಯ್ದೆಯ 44ನೇ ಸೆಕ್ಷನ್ ಪ್ರಕಾರ ಸುಗಮ್ಯತೆಯ, ಅಂದರೆ ಅಂಗವಿಕಲರೂ ಸಲೀಸಾಗಿ ಬಳಸುವಂತಿರಬೇಕು ಎಂಬ, ನಿಯಮ ಪಾಲಿಸದ ನಕ್ಷೆಗೆ ಅನುಮತಿ ಕೊಡುವಂತಿಲ್ಲ, ಮುಗಿದ ಕಟ್ಟಡಕ್ಕೆ ಪೂರ್ಣತಾ ಪ್ರಮಾಣಪತ್ರವನ್ನೂ ಕೊಡುವಂತಿಲ್ಲ. ಇರುವ ಸಾರ್ವಜನಿಕ ಕಟ್ಟಡಗಳನ್ನು ಐದು ವರ್ಷದಲ್ಲಿ ಸರಿಪಡಿಸಬೇಕು ಎಂದು 45ನೇ ಸೆಕ್ಷನ್ ಹೇಳಿತು, ಆ ಗಡುವು 2022ರ ಜೂನ್‌ಗೆ ಮುಗಿದುಹೋಯಿತು. ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2024ರ ನವೆಂಬರ್ 8ರಂದು ಇನ್ನೂ ಮುಂದೆ ಹೋಗಿ, ಸುಗಮ್ಯತೆಯ ಮಾನದಂಡಗಳು ಬರೀ ಮಾರ್ಗಸೂಚಿಯಾಗಿ ಉಳಿದರೆ ಸಾಲದು, ಕಡ್ಡಾಯ ನಿಯಮಗಳಾಗಬೇಕು ಎಂದು ಕೇಂದ್ರಕ್ಕೆ ಹೇಳಿತು. ಇಷ್ಟಾದರೂ ಒಂದು ಕಾಗದ ಕೊಡಲೆಂದು ನಾನು ಹೋಗಬೇಕಾದ ಕಚೇರಿಯೊಂದು ಮೊದಲ ಮಹಡಿಯಲ್ಲಿತ್ತು. ಗುಮಾಸ್ತರು ಒಳ್ಳೆಯವರು, ಕೆಳಗಿಳಿದು ಬಂದು ರಸ್ತೆಯಲ್ಲೇ ನನ್ನ ಕಾಗದ ಪಡೆದರು. ಮಳೆ ಹನಿಯುತ್ತಿತ್ತು. ಅವರ ಒಳ್ಳೆಯತನವನ್ನು ನಂಬಿ ಎಷ್ಟು ದಿನ ಕಚೇರಿ ನಡೆಸುತ್ತೀರಿ?

ನನ್ನ ಕುರ್ಚಿಯ ಎತ್ತರದಿಂದಲೇ ಎಲ್ಲವನ್ನೂ ನೋಡಿ ಬರೆದಿದ್ದೇನೆ ಎಂದು ಇತರ ಅಂಗವಿಕಲ ಸ್ನೇಹಿತರು ಬೈದಾರು. 2011ರ ಜನಗಣತಿ ಎಂಟು ಬಗೆಯ ಅಂಗವೈಕಲ್ಯವನ್ನು ಎಣಿಸಿತು, ಕರ್ನಾಟಕದಲ್ಲಿ 13.24 ಲಕ್ಷ ಜನ ಎಂದಿತು. ಈಗಿನ ಕಾಯ್ದೆಯಲ್ಲಿ 21 ಬಗೆಗಳಿವೆ. ಕಿವುಡರು ನಿಮ್ಮ ಸಹಾಯವಾಣಿ 1533ಕ್ಕೆ ಕರೆ ಮಾಡಿ ದೂರು ಹೇಳುವುದು ಹೇಗೆ? ವಿಡಿಯೊ ಕರೆಯಲ್ಲಿ ಸಂಜ್ಞಾಭಾಷೆ ಬಲ್ಲ ಒಬ್ಬರನ್ನು ಕೂರಿಸಿದರೆ ಐದೂ ಪಾಲಿಕೆಗಳಿಗೆ ಅವರೊಬ್ಬರಿಂದಲೇ ಆರಂಭ ಮಾಡಬಹುದು. ಮೈಸೂರಿನ ನಗರ ಸಾರಿಗೆ ಬಸ್ಸುಗಳಲ್ಲಿ ಕುರುಡ ಪ್ರಯಾಣಿಕರಿಗೆ ಬಸ್ಸಿನ ಸಂಖ್ಯೆ ಕೂಗಿ ಹೇಳುವ 'ಧ್ವನಿ ಸ್ಪಂದನ' ಬಂದಿದೆ. ಬಸ್ಸು ನಿಮ್ಮದಲ್ಲ, ಸರಿ. ತಂಗುದಾಣ ನಿಮ್ಮದು, ಅಲ್ಲಿಗೆ ತಲುಪುವ ದಾರಿ ನಿಮ್ಮದು.

ಬೌದ್ಧಿಕ ಅಂಗವೈಕಲ್ಯ ಇರುವವರ ಸ್ಥಿತಿ ಮಾತ್ರ ನಮಗಿಂತ ಕಷ್ಟದ್ದು. ಹದಿನೆಂಟರ ತನಕ ವಿಶೇಷ ಶಾಲೆ, ಅಲ್ಲಿಂದಾಚೆಗೆ ಮನೆ. ದೊಡ್ಡವರಾದ ಗಂಡುಮಕ್ಕಳನ್ನು ವಯಸ್ಸಾದ ತಂದೆ ಕೈ ಹಿಡಿದು ಸಂಜೆ ಉದ್ಯಾನಕ್ಕೆ ಕರೆತರುವುದನ್ನು ನೀವೂ ನೋಡಿರಬಹುದು. ಜೋಕಾಲಿ ಹತ್ತಲು ಹೋದರೆ ಇತರರು ತಮ್ಮ ಮಕ್ಕಳನ್ನು ಬದಿಗೆ ಎಳೆದುಕೊಳ್ಳುತ್ತಾರೆ. ಪಾಲಿಕೆಯ ಸಮುದಾಯ ಭವನಗಳು ಮದುವೆ, ಆರತಕ್ಷತೆ ಇಲ್ಲದ ದಿನ ಬೀಗ ಹಾಕಿಕೊಂಡು ಬಿದ್ದಿರುತ್ತವೆ. ವಾರದ ದಿನಗಳಲ್ಲಿ ಅಲ್ಲೊಂದು ಹಗಲು ಕೇಂದ್ರ ತೆರೆದು, ಬಡಾವಣೆಯ ಇತರರೂ ಬಂದು ಕೇರಂ ಆಡುವಂತೆ, ಹಾಡು ಕಲಿಯುವಂತೆ ಮಾಡಿದರೆ ಆ ತಂದೆಗೆ ದಿನಕ್ಕೆ ಕೆಲವು ಗಂಟೆ ಬಿಡುವು ಸಿಕ್ಕೀತು, ಮಗನಿಗೆ ಸ್ನೇಹಿತರು ಸಿಕ್ಕಾರು. ಅವರಿಗೆಂದೇ ಊರ ಹೊರಗೆ ಬೇರೆ ಕಟ್ಟಡ ಕಟ್ಟುವುದಕ್ಕಿಂತ ಇದು ಅಗ್ಗ.

ನಮ್ಮನ್ನು ಹುಡುಕುವುದು ಕಷ್ಟ ಎಂದು ಮಾತ್ರ ಹೇಳಬೇಡಿ. 2023ರ ವಿಧಾನಸಭಾ ಚುನಾವಣೆಯಲ್ಲಿ ಶೇ 40 ಅಥವಾ ಅದಕ್ಕಿಂತ ಹೆಚ್ಚು ಅಂಗವೈಕಲ್ಯ ಇದ್ದವರಿಗೆ ಮನೆಯಿಂದಲೇ ಮತ ಹಾಕುವ ಅವಕಾಶ ಕೊಟ್ಟರು. ಮತಗಟ್ಟೆ ಮಟ್ಟದ ಅಧಿಕಾರಿಗಳು (ಬಿಎಲ್‌ಒ) ಅದಕ್ಕೆ ಬೇಕಾದ 12ಡಿ ಅರ್ಜಿ ನಮೂನೆ ಹಿಡಿದು ಮನೆಗೆ ಬಂದರು, ಆಮೇಲೆ ಮತಪತ್ರ, ಗುಟ್ಟಿನ ಮರೆ, ಪೊಲೀಸರು, ವಿಡಿಯೊ ಕ್ಯಾಮೆರಾ ಸಮೇತ ಇಡೀ ಮತಗಟ್ಟೆಯೇ ಬಂತು. ಒಂದು ಮತಕ್ಕಾಗಿ ಮೂರನೇ ಮಹಡಿ ಹತ್ತಿದ ವ್ಯವಸ್ಥೆಗೆ ಬೇರೆ ದಿನಗಳಲ್ಲಿ ನಮ್ಮ ವಿಳಾಸ ಮರೆತುಹೋಗುವುದು ಹೇಗೆ?

ಈ ನಗರದಲ್ಲಿ 2020ರ ಸೆಪ್ಟೆಂಬರ್‌ನಿಂದ ಚುನಾಯಿತ ಕಾರ್ಪೊರೇಟರುಗಳಿಲ್ಲ ಎಂಬುದೂ ನಮ್ಮ ಕಷ್ಟದ ಒಂದು ಭಾಗವೇ. ಹೋಗಿ ಜಗಳವಾಡಲು ಒಂದು ಮನೆ ಇರುತ್ತಿತ್ತು, ಅದೂ ಹೋಯಿತು. ಹೊಸ ಪಾಲಿಕೆಗಳ ವಾರ್ಡ್ ಸಮಿತಿಗಳಲ್ಲಿ ತಲಾ ಒಬ್ಬ ಅಂಗವಿಕಲರು ಇರಲಿ. ಜೊತೆಗೆ ನನ್ನ ಕಸುಬಿನವರು ಕೇಳಲೇಬೇಕಾದ ಒಂದು ಪ್ರಶ್ನೆ: ಪ್ರತಿ ಪಾಲಿಕೆ ತನ್ನ ಶೇ 5ರ ಬಾಬ್ತಿನಲ್ಲಿ ಎಷ್ಟು ಇತ್ತು, ಎಷ್ಟು ಬಿಡುಗಡೆಯಾಯಿತು, ಯಾವುದಕ್ಕೆ ಖರ್ಚಾಯಿತು, ವರ್ಷಾಂತ್ಯಕ್ಕೆ ಎಷ್ಟು ಉಳಿಯಿತು, ಉಳಿದದ್ದು ಎಲ್ಲಿ ಹೋಯಿತು ಎಂಬುದನ್ನು ವಾರ್ಡುವಾರು, ಕನ್ನಡದಲ್ಲಿ, ಕುರುಡರ ಸ್ಕ್ರೀನ್ ರೀಡರ್ ಓದಬಲ್ಲ ರೂಪದಲ್ಲಿ ಪ್ರಕಟಿಸಲಿ. ಸ್ಕ್ಯಾನ್ ಮಾಡಿದ ಓರೆಕೋರೆ ಪುಟಗಳ ಪಿಡಿಎಫ್ ಬೇಡ. ನಮ್ಮ ಬೀದಿಯ ಕಿರಾಣಿ ಅಂಗಡಿಯವರು ಇಷ್ಟು ವಿವರವನ್ನು ನನ್ನ ಮೂಲಕ ಪ್ರತಿ ತಿಂಗಳೂ ಸರ್ಕಾರಕ್ಕೆ ಕೊಡುತ್ತಾರೆ, ಒಂದು ದಿನ ತಡವಾದರೆ ದಂಡ ಕಟ್ಟುತ್ತಾರೆ.

ಜನಗಣತಿಯವರು 2027ರಲ್ಲಿ ಬಂದು ಎಣಿಸುತ್ತಾರೆ, ಅಲ್ಲಿಯ ತನಕ ಕಾಯೋಣ ಎನ್ನುವ ಸಲಹೆ ಯಾರಾದರೂ ಕೊಟ್ಟರೆ ಒಪ್ಪಬೇಡಿ. ನಾನು ಕೇಳಿದ ಐದು ವಾರ್ಡಿಗೆ ಜನಗಣತಿ ಬೇಕಿಲ್ಲ.

ಮುಂದಿನ ಬಜೆಟ್ ತಯಾರಾಗುವ ಮೊದಲು ನಮ್ಮೊಂದಿಗೆ ಒಂದು ಸಭೆ ಕರೆಯಿರಿ. ನೆಲಮಹಡಿಯಲ್ಲಿರಲಿ, ಗಾಲಿಕುರ್ಚಿ ಒಳಹೋಗುವಷ್ಟು ಅಗಲದ ಬಾಗಿಲಿರುವ ಶೌಚಾಲಯ ಅಲ್ಲಿರಲಿ, ಸಂಜ್ಞಾಭಾಷೆಯಲ್ಲಿ ಹೇಳುವವರು ಒಬ್ಬರಿರಲಿ. ಜೊತೆಗೆ ಬರುವ ಅಮ್ಮಂದಿರಿಗೆ, ಸಹಾಯಕರಿಗೆ ಕುರ್ಚಿ ಹಾಕಿಸಿ, ಅವರೂ ಮಾತನಾಡುತ್ತಾರೆ. ಸನ್ಮಾನ, ಶಾಲು, ಹಾರ ಬೇಡ. ಮತ್ತು ಸಭೆಯನ್ನು ಬೆಳಿಗ್ಗೆ 11ಕ್ಕೆ ಮುಂಚೆ ಇಡಬೇಡಿ. ಅದಕ್ಕೂ ಮೊದಲು ನಮ್ಮಲ್ಲಿ ಬಹಳ ಜನ ಮನೆ ಬಿಡಲಾಗುವುದಿಲ್ಲ, ಕಾರಣವನ್ನು ಮೇಲೆ ಬರೆದಿದ್ದೇನೆ.

ಇಂತಿ,
ಬೆಂಗಳೂರಿನ ಒಬ್ಬ ತೆರಿಗೆದಾರಳು